ಬೆಂಕಿ ಹುಡುಕುವ ಯಂತ್ರವೂ ನಮ್ಮ ಅಡಿಕೆ ಉಗ್ರಾಣವೂ



ಇಂಜಿನಿಯರಿಂಗ್ ಓದುವ ಮಕ್ಕಳು ಕೊನೆಯ ವರ್ಷದಲ್ಲಿ ಒಂದು ಪ್ರಾಜೆಕ್ಟ್ ಮಾಡಲೇಬೇಕು. ನಮ್ಮ ಸದಸ್ಯರ ಪೈಕಿ ಇಂಥ ಮಕ್ಕಳಿಲ್ಲದ ಮನೆ ಈಗ ಕಡಿಮೆ. ಅವರಲ್ಲಿ ಕೆಲವರು ಕಛೇರಿಗೆ ಬಂದು, ಬೆಂಕಿ ಹುಡುಕಿ ಆರಿಸುವ ರೋಬೋಟ್ ಮಾಡುತ್ತಿದ್ದೇವೆ, ಸಂಘದಿಂದ ಏನಾದರೂ ನೆರವು ಸಿಗಬಹುದೆ ಎಂದು ಕೇಳುವುದುಂಟು. ವಿಷಯ ಆಡಳಿತ ಮಂಡಳಿಯ ಸಭೆಗೂ ಬಂತು. ಅದು ಆಟಿಕೆ, ಕಾಸು ದಂಡ ಎಂದು ಕೆಲವರು; ಹೊಸ ವಿದ್ಯೆಗೆ ಬೆನ್ನು ತಟ್ಟಬೇಕು ಎಂದು ಕೆಲವರು. ನನ್ನ ಅಭಿಪ್ರಾಯ ಈ ಎರಡರಿಂದಲೂ ಸ್ವಲ್ಪ ಬೇರೆ. ಹಣ ಕೊಡುವ ಬಿಡುವ ಮಾತು ಆಮೇಲಿನದು. ಆ ಯಂತ್ರ ಯಾವ ಬೆಂಕಿಯನ್ನು ಹುಡುಕಬೇಕು ಎಂಬುದನ್ನು ಮಕ್ಕಳಿಗೆ ನಾವು ಇದುವರೆಗೆ ಹೇಳಿಯೇ ಇಲ್ಲ. ಅವರು ಹುಡುಕುತ್ತಿರುವುದು ಮೇಣದ ಬತ್ತಿಯನ್ನು.

ಯಂತ್ರಮಾನವ ಎಂದೊಡನೆ ಕೈಕಾಲುಳ್ಳ ತಗಡಿನ ಮನುಷ್ಯನೊಬ್ಬ ಕಣ್ಣಮುಂದೆ ಬರುವುದು ಸಹಜ. ಇದು ಹಾಗಿಲ್ಲ. ಬಿಸ್ಕತ್ತಿನ ಡಬ್ಬದಷ್ಟು ಗಾತ್ರ, ಎರಡು ಚಕ್ರ, ಒಂದು ಬ್ಯಾಟರಿ, ಅಂಗೈಗಿಂತ ಚಿಕ್ಕದಾದ ಒಂದು ಕಂಪ್ಯೂಟರ್ ಹಲಗೆ, ಸುತ್ತ ನಾಲ್ಕಾರು ಸೆನ್ಸರುಗಳು. ಮುಂಭಾಗದಲ್ಲಿ ಒಂದು ಪುಟ್ಟ ಫ್ಯಾನ್ ಅಥವಾ ನೀರು ಚಿಮ್ಮುವ ಕೊಳವೆ. ಇಷ್ಟೇ.

ಈ ಬಗೆಯ ಯಂತ್ರಗಳಿಗೆ ಮಾದರಿ ಎಲ್ಲಿಂದ ಬಂತೆಂದರೆ, ಬಹುಮಟ್ಟಿಗೆ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಎಂಬ ಊರಿನಿಂದ. ಬೆಂಕಿ ಆರಿಸುವ ಪುಟ್ಟ ರೋಬೋಟುಗಳ ಸ್ಪರ್ಧೆಯೊಂದನ್ನು ಜೇಕ್ ಮೆಂಡೆಲ್ಸನ್ ಎಂಬವರು 1994ರಲ್ಲಿ ಆರಂಭಿಸಿದರು. ಅಲ್ಲಿನ ಟ್ರಿನಿಟಿ ಕಾಲೇಜಿನ ಆಶ್ರಯದಲ್ಲಿ ಅದು ಅನೇಕ ವರ್ಷ ನಡೆದು, ಬೇರೆ ಬೇರೆ ದೇಶಗಳ ವಿದ್ಯಾರ್ಥಿಗಳನ್ನು ಸೆಳೆಯಿತು. ಸ್ಪರ್ಧೆಯ ಕಣ ಒಂದು ಮಾದರಿ ಮನೆ: 248 ಸೆಂಟಿಮೀಟರ್ ಚೌಕ, 33 ಸೆಂಟಿಮೀಟರ್ ಎತ್ತರದ ಗೋಡೆ, ನಾಲ್ಕು ಕೋಣೆ, ನಡುವೆ ಓಣಿ. ಯಾವುದೋ ಒಂದು ಕೋಣೆಯಲ್ಲಿ ಉರಿಯುವ ಮೇಣದ ಬತ್ತಿ. ಯಾವ ಕೋಣೆ ಎಂಬುದು ಯಂತ್ರ ಮಾಡಿದವರಿಗೂ ಮೊದಲೇ ಗೊತ್ತಿರದು. ರೋಬೋಟಿನ ಉದ್ದಗಲ 31 ಸೆಂಟಿಮೀಟರ್, ಎತ್ತರ 27 ಸೆಂಟಿಮೀಟರ್ ಮೀರಬಾರದು. ಒಮ್ಮೆ ಹೊರಟ ಮೇಲೆ ಯಾರೂ ಮುಟ್ಟುವಂತಿಲ್ಲ, ದೂರದಿಂದ ನಡೆಸುವಂತಿಲ್ಲ. ತಾನೇ ಹೋಗಿ, ತಾನೇ ಕಂಡು, ತಾನೇ ಆರಿಸಬೇಕು.

ಅದು ಕೆಲಸ ಮಾಡುವ ರೀತಿ ಸ್ವಾರಸ್ಯವಾಗಿದೆ. ಕತ್ತಲೆಯಲ್ಲಿ ನಾವು ಗೋಡೆ ಸವರಿಕೊಂಡು ಬಚ್ಚಲಿಗೆ ಹೋಗುತ್ತೇವಲ್ಲ, ಹಾಗೆಯೇ ಅದೂ ಒಂದು ಬದಿಯ ಗೋಡೆಯನ್ನು ಬಿಡದೆ ಹಿಡಿದುಕೊಂಡು ಸಾಗುತ್ತದೆ. ಕೈಯ ಬದಲು ಶಬ್ದದ ಅಲೆ: ಅಲೆ ಗೋಡೆಗೆ ತಾಗಿ ಮರಳಲು ಹಿಡಿದ ಸಮಯದಿಂದ ದೂರ ಲೆಕ್ಕ ಹಾಕುತ್ತದೆ. ನೆಲಕ್ಕೆ ಕಪ್ಪು ಬಣ್ಣ, ಪ್ರತಿ ಬಾಗಿಲಿನಲ್ಲೂ ಒಂದು ಬಿಳಿ ಗೆರೆ. ಗೆರೆ ಕಂಡಿತೆಂದರೆ ಕೋಣೆಯ ಹೊಸಿಲು ಬಂತೆಂದು ಅರ್ಥ. ಅಲ್ಲಿ ನಿಂತು ಎಡದಿಂದ ಬಲಕ್ಕೆ ತಿರುಗಿ ನೋಡುತ್ತದೆ. ಜ್ವಾಲೆ ಕಾಣದಿದ್ದರೆ ಮುಂದಿನ ಕೋಣೆ. ಕಂಡರೆ ಹತ್ತಿರ ಹೋಗಿ, 30 ಸೆಂಟಿಮೀಟರಿನೊಳಗೆ ಬಂದ ಮೇಲೆ ಆರಿಸುತ್ತದೆ. ಹೆಚ್ಚಿನ ಹುಡುಗರು ಫ್ಯಾನ್ ಹಾಕಿ ಉಫ್ ಎಂದು ಊದಿಬಿಡುತ್ತಿದ್ದರು. ಗಾಳಿ ಊದದೆ ಬೇರೆ ವಿಧಾನದಿಂದ ಆರಿಸಿದವರಿಗೆ ಹೆಚ್ಚಿನ ಮನ್ನಣೆ ಕೊಡುವ ನಿಯಮವನ್ನೂ ಸ್ಪರ್ಧೆಯವರು ಇಟ್ಟಿದ್ದರು. ಅದು ನ್ಯಾಯವೇ. ಊದಿದರೆ ಬತ್ತಿ ಆರುತ್ತದೆ. ಅಡಿಕೆ ಸಿಪ್ಪೆಯ ರಾಶಿಗೆ ಊದಿದರೆ ಏನಾಗುತ್ತದೆಂದು ಒಲೆ ಮುಂದೆ ಕೂತ ಯಾರನ್ನು ಕೇಳಿದರೂ ಹೇಳಿಯಾರು.

ಕಲಿಕೆಗೆ ಇದು ಒಳ್ಳೆಯ ಅಭ್ಯಾಸ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಚಕ್ರ, ವಿದ್ಯುತ್ತು, ಲೆಕ್ಕ, ಬೆಳಕಿನ ಶಾಸ್ತ್ರ ಎಲ್ಲವನ್ನೂ ಒಂದೇ ಯಂತ್ರದಲ್ಲಿ ಹೊಂದಿಸಬೇಕು. ಆದರೆ ಆ ಮಾದರಿ ಮನೆಯಲ್ಲಿ ಇರುವುದು ಒಂದೇ ಬೆಂಕಿ. ಅದು ಕಣ್ಣಿಗೆ ಕಾಣುವ ಜ್ವಾಲೆ. ನೆಲ ಬಹುಮಟ್ಟಿಗೆ ನುಣುಪು. ನಮ್ಮಲ್ಲಿ ಈ ಮೂರೂ ಇಲ್ಲ.

ಕೊಯ್ಲಿನ ಕಾಲದಲ್ಲಿ ನಮ್ಮ ಮನೆಗಳಲ್ಲಿ ಬೆಂಕಿ ಇಲ್ಲದ ಹೊತ್ತು ಯಾವುದು? ಅಡಿಕೆ ಬೇಯಿಸುವ ಹಂಡೆಯ ಕೆಳಗೆ ಬೆಂಕಿ. ಬಚ್ಚಲ ಒಲೆಯಲ್ಲಿ ಬೆಂಕಿ. ಮೋಡ ಕವಿದು ಬಿಸಿಲು ಕೈಕೊಟ್ಟರೆ ಅಟ್ಟದ ಕೆಳಗೆ ಹದವಾದ ಕಾವು, ಡ್ರೈಯರ್ ಇದ್ದವರಲ್ಲಿ ಅದರ ಕುಲುಮೆ. ಹೊಗೆ ಕಂಡರೆ ಕೂಗುವ ಪೇಟೆಯ ಹೊಗೆಗಂಟೆಯನ್ನು ಇಂಥ ಕಡೆ ತೂಗುಹಾಕಿದರೆ ಮೊದಲ ದಿನ ಸಂಜೆಯೊಳಗೆ ಮನೆಯವರೇ ಅದರ ಬ್ಯಾಟರಿ ಕಿತ್ತಿಡುತ್ತಾರೆ. ಇದು ಬೇಕಾದ ಬೆಂಕಿ, ಅದು ಬೇಡದ ಬೆಂಕಿ ಎಂದು ಬೇರ್ಪಡಿಸಲು ಯಂತ್ರಕ್ಕೆ ಬರದಿದ್ದರೆ ಅದು ನಮ್ಮಲ್ಲಿ ಒಂದು ವಾರ ಬಾಳದು.

ಎರಡನೆಯದು ಇದಕ್ಕಿಂತ ಗಂಭೀರ. ನಮ್ಮ ಬೆಂಕಿ ಜ್ವಾಲೆಯಾಗಿ ಹುಟ್ಟುವುದು ಅಪರೂಪ. ಒಲೆಯಿಂದ ಸಿಡಿದ ಕಿಡಿ ಗೋಣಿಯ ಮೂಲೆಗೆ ಬಿದ್ದು, ಒಳಗೊಳಗೇ ಕನಲುತ್ತಾ ಗಂಟೆಗಟ್ಟಲೆ ಕೂರುತ್ತದೆ. ಒಣ ಸಿಪ್ಪೆ, ಕಾಫಿ ಹೊಟ್ಟು, ಹುಲ್ಲು, ಹಾಳೆ, ಸೋಗೆ ಎಲ್ಲದರ ಸ್ವಭಾವವೂ ಇದೇ. ರಾತ್ರಿ ಎಂಟಕ್ಕೆ ಬಿದ್ದ ಕಿಡಿ ಎರಡು ಗಂಟೆಗೆ ಎದ್ದು ನಿಲ್ಲಬಹುದು. ಎದ್ದು ನಿಂತ ಮೇಲೆ ಅದನ್ನು ಕಾಣಲು ಯಂತ್ರ ಬೇಕಿಲ್ಲ, ಆಚೆ ದಡದ ಮನೆಯವರಿಗೂ ಕಾಣುತ್ತದೆ. ನಮಗೆ ಬೇಕಾದ್ದು ಕನಲುವ ಆ ಐದಾರು ಗಂಟೆಯಲ್ಲಿ ಪತ್ತೆ ಮಾಡುವ ಯಂತ್ರ. ಮೇಣದ ಬತ್ತಿಯ ರೋಬೋಟು ಆ ಹೊತ್ತಿನಲ್ಲಿ ಗೋಣಿಯ ಪಕ್ಕದಲ್ಲೇ ಹಾದುಹೋಗುತ್ತದೆ, ಏನೂ ಕಾಣದೆ.

ಏಕೆ ಕಾಣುವುದಿಲ್ಲ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸೆನ್ಸರು ಕೊಳ್ಳುವಾಗ ಮಕ್ಕಳು ಎಡವುವುದು ಇಲ್ಲಿಯೇ.

ಮಾರುಕಟ್ಟೆಯಲ್ಲಿ ನೂರು ರೂಪಾಯಿಯ ಆಸುಪಾಸಿಗೆ ಸಿಗುವ 'ಫ್ಲೇಮ್ ಸೆನ್ಸರ್' ನೋಡುವುದು ಅವಗೆಂಪು ಕಿರಣವನ್ನು, ಅಂದರೆ 760ರಿಂದ 1100 ನ್ಯಾನೋಮೀಟರ್ ಅಲೆಯುದ್ದದ ಬೆಳಕನ್ನು. ಬಿಸಿಲಿನಲ್ಲಿ ಅದು ಧಾರಾಳವಾಗಿದೆ, ಹಳೆಯ ತಂತಿ ಬಲ್ಬಿನಲ್ಲೂ ಇದೆ. ಹಂಚಿನ ಸಂದಿಯಿಂದ ಬಿಸಿಲುಕೋಲು ಇಳಿದರೆ ಸಾಕು, ಬೆಂಕಿ ಬಿತ್ತೆಂದು ಅರಚುತ್ತದೆ. ದೂರವೂ ಹೆಚ್ಚಿಲ್ಲ, ಒಂದು ಮೀಟರ್ ಆಚೆಗಿನ ಸಣ್ಣ ಜ್ವಾಲೆ ಅದಕ್ಕೆ ಕಷ್ಟ. ಇದಕ್ಕಿಂತ ಉತ್ತಮವಾದದ್ದು ನೇರಳಾತೀತ ಕಿರಣದ ಕೊಳವೆ. ಜಪಾನಿನ ಹಮಾಮಾತ್ಸು ಕಂಪನಿಯ 'ಯುವಿಟ್ರಾನ್' ಸ್ಪರ್ಧೆಗಳಲ್ಲಿ ಹೆಸರಾದದ್ದು. ಇದು ನೋಡುವುದು 185ರಿಂದ 260 ನ್ಯಾನೋಮೀಟರ್ ಬೆಳಕನ್ನು ಮಾತ್ರ. ಸೂರ್ಯನ ಆ ಭಾಗದ ಕಿರಣವನ್ನು ಓಜೋನ್ ಪದರ ನೆಲಕ್ಕೆ ಬಿಡುವುದಿಲ್ಲ, ಆದ್ದರಿಂದ ಬಿಸಿಲಿಗೆ ಮೋಸಹೋಗದು. ಸಿಗರೇಟು ಲೈಟರಿನ ಜ್ವಾಲೆಯನ್ನು 5 ಮೀಟರ್ ದೂರದಿಂದ ಗುರುತಿಸಬಲ್ಲದು. ಆದರೆ ಮಿಂಚು ಹೊಡೆದರೂ, ವೆಲ್ಡಿಂಗ್ ಮಾಡಿದರೂ ಜ್ವಾಲೆ ಎಂದೇ ತಿಳಿಯುತ್ತದೆ. ಏಪ್ರಿಲ್, ಮೇ ತಿಂಗಳ ನಮ್ಮ ಸಂಜೆಗಳನ್ನು ನೆನೆದರೆ ನಗು ಬರುತ್ತದೆ. ಸಾಮಾನ್ಯ ಗಾಜಿನ ಮೂಲಕವೂ ಅದಕ್ಕೆ ಕಾಣದು. ಅಟ್ಟದ ಮಸಿ ಒಂದು ಪದರ ಕೂತರೆ ಕುರುಡೇ. ಎಲ್ಲಕ್ಕಿಂತ ಮುಖ್ಯವಾಗಿ, ಕನಲುವ ಕೆಂಡಕ್ಕೆ ಜ್ವಾಲೆ ಇಲ್ಲ; ಜ್ವಾಲೆ ಇಲ್ಲದ ಕಡೆ ಈ ದುಬಾರಿ ಕೊಳವೆಗೆ ಕೆಲಸವೇ ಇಲ್ಲ.

ಕನಲುವ ಬೆಂಕಿಗೆ ಎರಡು ಗುರುತು: ಕಾವು ಮತ್ತು ಅನಿಲ. ಸರಿಯಾಗಿ ಉರಿಯದೆ ಕನಲುವ ವಸ್ತು ಕಾರ್ಬನ್ ಮಾನಾಕ್ಸೈಡ್ ಹೆಚ್ಚು ಬಿಡುತ್ತದೆ. ಒಲೆಯಿಲ್ಲದ, ಬೀಗ ಹಾಕಿದ ಉಗ್ರಾಣದಲ್ಲಿ ಈ ಅನಿಲ ಏರಿತೆಂದರೆ ಅನುಮಾನಕ್ಕೆ ಎಡೆಯಿಲ್ಲ. ಬೇಯಿಸುವ ಮನೆಯಲ್ಲಿ ಈ ಉಪಾಯ ನಡೆಯದು, ಒಲೆಯೂ ಅದನ್ನೇ ಬಿಡುತ್ತದೆ. ಅಲ್ಲಿಗೆ ಕಾವಿನ ಚಿತ್ರ ತೆಗೆಯುವ ಸೆನ್ಸರು ಸರಿ. ಸಣ್ಣದರಲ್ಲಿ ಎಂಟು ಸಾಲು, ಎಂಟು ಕಂಬ, ಒಟ್ಟು 64 ಮನೆ, ಥೇಟ್ ಚದುರಂಗದ ಹಲಗೆ. ಒಂದೊಂದು ಮನೆಯೂ ತನ್ನ ಎದುರಿನ ಜಾಗದ ಕಾವನ್ನು ಹೇಳುತ್ತದೆ. ಗೋಡೆಯ ಮೇಲೆ ಅದನ್ನು ಅಲುಗದಂತೆ ನಿಲ್ಲಿಸಿದರೆ ಒಲೆ ಯಾವಾಗಲೂ ಅದೇ ಎರಡು ಮೂರು ಮನೆಗಳಲ್ಲಿ ಕಾಣುತ್ತದೆ. ಆ ಮನೆಗಳು ಎಷ್ಟು ಕಾದರೂ ಸುಮ್ಮನಿರು, ಬೇರೆ ಮನೆ ಕಾದರೆ ಕೂಗು ಎಂದು ಹೇಳಿಕೊಟ್ಟರಾಯಿತು. ಬೇಕಾದ ಬೆಂಕಿ ಬೇಡದ ಬೆಂಕಿಯ ತರ್ಕ ಇಷ್ಟು ಸುಲಭದಲ್ಲಿ ಮುಗಿಯುತ್ತದೆ. ಆದರೆ ಗಮನಿಸಿ, ಇಲ್ಲಿ ಯಂತ್ರ ಓಡಾಡುವಂತಿಲ್ಲ. ಓಡಾಡಿದರೆ ಹಲಗೆಯ ಮನೆಗಳೂ ಓಡಾಡುತ್ತವೆ. ಬೇಯಿಸುವ ಮನೆಯಲ್ಲಿ ಚಕ್ರ ದಂಡ.

ಉಗ್ರಾಣದಲ್ಲಿ ಮಾತ್ರ ಓಡಾಟ ಬೇಕು. ಚೀಲದ ಅಟ್ಟಿಗಳ ಮರೆಯಲ್ಲಿ ಇರುವುದು ಒಂದೇ ಕಡೆ ನಿಂತ ಕಣ್ಣಿಗೆ ಕಾಣದು. ಹಾಗೆಂದು ನೆಲದ ಮೇಲೆ ಬಿಟ್ಟರೆ? ಸಗಣಿ ಸಾರಿಸಿದ ನೆಲ, ಮಧ್ಯೆ ಹಗ್ಗದ ತುಂಡು, ಉದುರಿದ ಅಡಿಕೆ. ಒಂದು ಗೋಟಡಿಕೆ ಚಕ್ರಕ್ಕೆ ಸಿಕ್ಕಿದರೆ ಯಂತ್ರ ಅಲ್ಲಿಯೇ ಅಂಗಾತ. ಕೊನೆಗಾರ ಮರದ ಮೇಲಿಂದ ಕೊನೆಯನ್ನು ಹಗ್ಗದಲ್ಲಿ ಜಾರಿಸಿ ಕೆಳಗಿನವನ ಕೈಗೆ ಮುಟ್ಟಿಸುವುದನ್ನು ನಮ್ಮ ಮಕ್ಕಳು ಹುಟ್ಟಿದಾಗಿನಿಂದ ನೋಡಿದ್ದಾರೆ. ಜಂತಿಯಿಂದ ಜಂತಿಗೆ ಒಂದು ತಂತಿ ಎಳೆದು, ರಾಟೆಗೆ ಯಂತ್ರವನ್ನು ತೂಗುಹಾಕಿ, ಚೀಲಗಳ ಮೇಲಿಂದ ಗಂಟೆಗೊಮ್ಮೆ ಆಚೆಗೊಮ್ಮೆ ಈಚೆಗೊಮ್ಮೆ ಓಡಿಸಿದರೆ ನೆಲದ ತಂಟೆಯೇ ಇಲ್ಲ. ಕಾವೂ ಹೊಗೆಯೂ ಮೇಲಕ್ಕೇ ಬರುವುವು. ಹಾರ್ಟ್‌ಫರ್ಡಿನ ಮಾದರಿ ಮನೆಗೆ ಸೂರೇ ಇರಲಿಲ್ಲ, ಆದ್ದರಿಂದ ಅಲ್ಲಿನ ಹುಡುಗರಿಗೆ ಈ ಯೋಚನೆ ಬೇಕಾಗಿರಲಿಲ್ಲ. ನಮ್ಮ ಹುಡುಗರು ಅದನ್ನೇ ನಕಲು ಮಾಡಿ ನೆಲದ ಮೇಲೆ ಕೂತಿದ್ದಾರೆ. ಇನ್ನೊಂದು ಮಾತು: ಬ್ಯಾಟರಿಯನ್ನು ಇಲಿ ಕಡಿಯದಂತೆ ತಗಡಿನೊಳಗೆ ಇಡಬೇಕು. ಲಿಥಿಯಂ ಬ್ಯಾಟರಿ ಕೆಟ್ಟರೆ ಅದೇ ಹೊತ್ತಿಕೊಳ್ಳುವ ಜಾತಿ. ಬೆಂಕಿ ಹುಡುಕಲು ಹೋದ ಯಂತ್ರವೇ ಉಗ್ರಾಣ ಸುಟ್ಟಿತೆಂಬ ಅಪಕೀರ್ತಿ ನಮ್ಮ ಸಂಘಕ್ಕೆ ಬೇಡ.

ಇನ್ನು ಆರಿಸುವ ಮಾತು. ಇಲ್ಲಿ ನನ್ನದು ಖಂಡಿತವಾದ ಅಭಿಪ್ರಾಯ: ಚಿಕ್ಕ ಯಂತ್ರಕ್ಕೆ ಆರಿಸುವ ಕೆಲಸ ಹಚ್ಚಬಾರದು. ಲೆಕ್ಕ ನೋಡಿ. ಒಂದು ಲೀಟರ್ ನೀರು ಕಾದು, ಪೂರ್ತಿ ಆವಿಯಾಗುವಾಗ ಹೀರುವ ಶಾಖ, ಒಂದು ಕಿಲೋ ಒಣ ಸಿಪ್ಪೆ ಪೂರ್ತಿ ಉರಿದಾಗ ಬರುವ ಶಾಖದ ಸುಮಾರು ಆರನೇ ಒಂದು ಪಾಲು. ಮೂರು ನಾಲ್ಕು ಕಿಲೋ ತೂಕದ ಯಂತ್ರ ಹೊರುವುದು ಹೆಚ್ಚೆಂದರೆ ಒಂದೆರಡು ಲೀಟರ್. ಅಟ್ಟಿಯ ನಡುವೆ ಕನಲುವ ಚೀಲಕ್ಕೆ ಮೇಲಿಂದ ಎರಡು ಲೀಟರ್ ಚಿಮುಕಿಸಿದರೆ ಮೇಲಿನ ಚೀಲ ಒದ್ದೆಯಾಗಿ ಹಾಳಾಗುತ್ತದೆ, ಒಳಗಿನ ಕೆಂಡ ಹಾಗೆಯೇ ಇರುತ್ತದೆ. ಅದಕ್ಕೆ ಚೀಲ ಎಳೆದು ಅಂಗಳಕ್ಕೆ ಹಾಕುವ ಮನುಷ್ಯನ ಕೈಯೇ ಆಗಬೇಕು. ಆರಿಸುವ ರೋಬೋಟುಗಳು ಲೋಕದಲ್ಲಿ ಇಲ್ಲವೆಂದಲ್ಲ. 2019ರ ಏಪ್ರಿಲ್ 15ರಂದು ಪ್ಯಾರಿಸ್ಸಿನ ನೋಟ್ರ ಡಾಮ್ ಚರ್ಚು ಹೊತ್ತಿಕೊಂಡಾಗ ಅಲ್ಲಿನ ಅಗ್ನಿಶಾಮಕ ದಳ 'ಕೊಲೋಸಸ್' ಎಂಬ ಯಂತ್ರವನ್ನು ಒಳಗೆ ಕಳುಹಿಸಿತು. ಅದರ ತೂಕ ಸುಮಾರು 500 ಕಿಲೋ. ಹಿಂದೆ ನೀರಿನ ಪೈಪು ಎಳೆದುಕೊಂಡು ಹೋಗುತ್ತದೆ, ದೂರದಲ್ಲಿ ನಿಂತವರು ಅದನ್ನು ನಡೆಸುತ್ತಾರೆ. ಅದು ಆರಿಸಲು ಹೊರಟದ್ದೇ ಹೊರತು ಹುಡುಕಲು ಹೊರಟದ್ದಲ್ಲ. ಹುಡುಕುವುದು ಚಿಕ್ಕದರ ಕೆಲಸ, ಸುರಿಯುವುದು ದೊಡ್ಡದರ ಕೆಲಸ. ಎರಡನ್ನೂ ಡಬ್ಬದಷ್ಟು ಯಂತ್ರದ ತಲೆಗೆ ಕಟ್ಟಿದ್ದರಿಂದಲೇ ನಮ್ಮ ಹುಡುಗರ ಪ್ರಾಜೆಕ್ಟು ಎರಡನ್ನೂ ಅರೆಬರೆ ಮಾಡುತ್ತಿದೆ.

ಸುರಿಯುವುದಕ್ಕೆ ಯಂತ್ರವೇ ಬೇಕೆಂದರೆ ಮಿದುಳಿಲ್ಲದ ಒಂದು ಹಳೆಯ ಯಂತ್ರ ಇದೆ. ದೊಡ್ಡ ಕಟ್ಟಡಗಳ ಸೂರಿನಲ್ಲಿ ಕಾಣುವ ಸ್ಪ್ರಿಂಕ್ಲರ್. ಕೊಳವೆಯ ಬಾಯಿಗೆ ಬಣ್ಣದ ದ್ರವ ತುಂಬಿದ ಗಾಜಿನ ಬುರುಡೆ. ನಿಗದಿತ ಕಾವಿಗೆ ಅದು ಒಡೆದು ನೀರು ಸುರಿಯುತ್ತದೆ. ಕೆಂಪು ಬುರುಡೆ 68 ಡಿಗ್ರಿಗೆ, ಹಸಿರು 93ಕ್ಕೆ, ನೀಲಿ 141ಕ್ಕೆ. ಡ್ರೈಯರಿನ ಬಳಿ ಕೆಂಪು ಹಾಕಬೇಡಿ, ಅಲ್ಲಿನ ಕಾವೇ ಅದಕ್ಕೆ ಸಮೀಪ ಬಂದೀತು. ಗುಡ್ಡದ ಅಬ್ಬಿ ನೀರು ಪೈಪಿನಲ್ಲಿ ಮನೆಗೆ ಬರುವ ಕಡೆ ಪಂಪೂ ಬೇಡ, ಕರೆಂಟೂ ಬೇಡ. ಬೇಸಿಗೆಯಲ್ಲಿ ಅಬ್ಬಿ ಇಳಿಯುತ್ತದೆ ನಿಜ, ಆಗ ಮೇಲಿನ ತೊಟ್ಟಿ ತುಂಬಿಟ್ಟುಕೊಳ್ಳಬೇಕು. ನೀರು ಬಿದ್ದ ಮಾಲು ಕೆಡುತ್ತದೆಂಬ ಲೆಕ್ಕವೂ ಇದೆ. ಆದ್ದರಿಂದ ಇದು ಕೊನೆಯ ಬೇಲಿ, ಮೊದಲನೆಯದಲ್ಲ.

ಬೆಟ್ಟದ ಬೆಂಕಿಗೂ ರೋಬೋಟು ಬಿಡಬಹುದೆ ಎಂದು ಕೆಲವರು ಕೇಳಿದ್ದಾರೆ. ಸೊಪ್ಪಿನ ಬೆಟ್ಟದ ಇಳಿಜಾರಿನಲ್ಲಿ, ಮೊಳಕಾಲುದ್ದ ದರಗಿನಲ್ಲಿ ಚಕ್ರದ ಯಂತ್ರಕ್ಕೆ ಏನೂ ಸಾಧ್ಯವಿಲ್ಲ. ಅಲ್ಲಿನ ಪತ್ತೆ ಕೆಲಸವನ್ನು ಆಕಾಶದಿಂದ ಮಾಡುತ್ತಿದ್ದಾರೆ: ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಉಪಗ್ರಹಗಳ ಚಿತ್ರ ನೋಡಿ ಬೆಂಕಿಯ ಸೂಚನೆಯನ್ನು ಫೋನಿಗೆ ಕಳುಹಿಸುತ್ತದೆ. ಆ ಚಿತ್ರದ ಒಂದು ಚುಕ್ಕಿ ಎಂದರೆ ಸುಮಾರು 375 ಮೀಟರ್ ಚೌಕ. ನಮ್ಮಂಥ ಸಣ್ಣ ಹಿಡುವಳಿದಾರರ ಇಡೀ ತೋಟ ಒಂದು ಚುಕ್ಕಿಯೊಳಗೆ ಮುಗಿಯಿತು. ಬೆಟ್ಟಕ್ಕೆ ಜನವರಿಯಲ್ಲಿ ದರಗು ಗುಡಿಸಿ ಬೆಂಕಿರೇಖೆ ಎಳೆಯುವುದೇ ದಾರಿ. ಅದನ್ನು ಬಿಟ್ಟು ಯಂತ್ರದ ಕನಸು ಬೇಡ.

ಮಂಡಳಿಯ ಹಿರಿಯರೊಬ್ಬರ ಆಕ್ಷೇಪಣೆಗೆ ಉತ್ತರಿಸದೆ ಈ ಬರಹ ಮುಗಿಸುವಂತಿಲ್ಲ. "ಹತ್ತು ಬಕೆಟ್ ಮರಳು, ಒಬ್ಬ ಕಾವಲಿನವ, ಇಷ್ಟಿದ್ದರೆ ಸಾಕು ಮಾರಾಯರೆ" ಎಂದರು ಅವರು. ಮರಳಿನ ಮಾತು ನೂರಕ್ಕೆ ನೂರು ಸರಿ, ಪ್ರತಿ ಉಗ್ರಾಣದ ಬಾಗಿಲಲ್ಲೂ ಇರತಕ್ಕದ್ದೇ. ಕಾವಲಿನವ ಎಲ್ಲಿ? ಹಗಲಿನ ಕೆಲಸಕ್ಕೇ ಆಳು ಸಿಗದ ಕಾಲ. ನಮ್ಮ ಸದಸ್ಯರ ಪಟ್ಟಿಯನ್ನು ಹಿಡಿದು ಒಂದೊಂದೇ ಮನೆ ನೆನೆದುಕೊಂಡು ಹೋದರೆ ಎಷ್ಟೋ ಕಡೆ ಯಜಮಾನರು ಮತ್ತು ಯಜಮಾನತಿ, ಇಬ್ಬರೇ. ವಯಸ್ಸು ಎಪ್ಪತ್ತರ ಮೇಲೆ. ಮಕ್ಕಳು ಬೆಂಗಳೂರಿನಲ್ಲಿ, ಇಲ್ಲವೆ ಅದಕ್ಕೂ ಆಚೆ. ಹತ್ತಿರದ ಮನೆ ಒಂದು ಏರು ಹತ್ತಿ ಇಳಿದರೆ. ಅಗ್ನಿಶಾಮಕ ವಾಹನ ತಾಲ್ಲೂಕು ಕೇಂದ್ರದಿಂದ ಹೊರಟು, ತಿರುವು ತಿರುಗಿ, ನಮ್ಮ ಕಾಲುಸಂಕದ ಆಚೆಗೇ ನಿಲ್ಲುತ್ತದೆ. ಮನೆಯ ಅಟ್ಟದಲ್ಲಿ ವರ್ಷದ ಬೆಳೆ, ಅಟ್ಟದ ಕೆಳಗೆ ಅವರ ಮಂಚ. ಇಂಥ ಮನೆಗೆ ಬೆಂಕಿ ಆರಿಸುವ ಯಂತ್ರಕ್ಕಿಂತ ಅವರನ್ನು ಒಂಬತ್ತು ಗಂಟೆಗೇ, ಇನ್ನೂ ಎಚ್ಚರವಿರುವಾಗಲೇ, "ಮೂರನೇ ಅಟ್ಟಿಯಲ್ಲಿ ಏನೋ ಕಾಯುತ್ತಿದೆ" ಎಂದು ಎಬ್ಬಿಸಿ ನಿಲ್ಲಿಸುವ ಯಂತ್ರ ಬೇಕು. ಮೊಬೈಲಿಗೆ ಸಂದೇಶ ಕಳುಹಿಸುತ್ತದೆ ಎಂದು ಹುಡುಗರು ಹೆಮ್ಮೆಯಿಂದ ಹೇಳುತ್ತಾರೆ. ಗುಡ್ಡದ ತುದಿಗೆ ಹೋದರೆ ಮಾತ್ರ ಸಿಗ್ನಲ್ ಸಿಗುವ ಮನೆಗಳಿಗೆ ಸಂದೇಶದಿಂದೇನು? ಮಾಡಿನ ಮೇಲೆ ಒಂದು ಸೈರನ್, ಕರೆಂಟು ಹೋದರೂ ಕೂಗುವಂಥದು, ಪಕ್ಕದ ಮನೆಗೂ ಕೇಳುವಷ್ಟು ಜೋರಿನದು.

ಆದ್ದರಿಂದ ನಾನು ಮಂಡಳಿಯ ಮುಂದಿಟ್ಟಿರುವ ಸಲಹೆ ಹೀಗಿದೆ. ಸಂಘ ಈ ಮಕ್ಕಳಿಗೆ ಹಣಕ್ಕಿಂತ ಮೊದಲು ಒಂದು ನಿಯಮಾವಳಿಯನ್ನೂ ಒಂದು ಕಟ್ಟಡವನ್ನೂ ಕೊಡಲಿ. ಹಾರ್ಟ್‌ಫರ್ಡಿನವರು ತಮ್ಮ ಮನೆಗೆ ನಿಯಮ ಬರೆದುಕೊಂಡರು. ನಮ್ಮ ಮನೆಗೆ ನಾವು ಬರೆಯೋಣ. ಮೇಣದ ಬತ್ತಿ ಬೇಡ: ಸಿಪ್ಪೆ ತುಂಬಿದ ಗೋಣಿಯೊಳಗೆ ಒಂದು ಕೆಂಡ. ಅಂಥ ನಲವತ್ತು ಗೋಣಿಯ ಅಟ್ಟಿ, ನಡುವೆ ಒಂದೂವರೆ ಅಡಿ ಜಾಗ. ಒಂದು ಮೂಲೆಯಲ್ಲಿ ನಿಜವಾದ ಒಲೆ ಉರಿಯುತ್ತಿರಬೇಕು, ಅದಕ್ಕೆ ಕೂಗಿದರೆ ಅಂಕ ಕಳೆಯಬೇಕು. ಮಧ್ಯದಲ್ಲಿ ಕರೆಂಟು ತೆಗೆಯಬೇಕು. ಕೆಂಡ ಇಟ್ಟ ಎರಡು ಗಂಟೆಯೊಳಗೆ ಯಾವ ಅಟ್ಟಿ ಎಂದು ಹೇಳಿದ ಯಂತ್ರಕ್ಕೆ ಪೂರ್ಣ ಅಂಕ. ಒಂದು ತಿಂಗಳು ಯಾರೂ ಮುಟ್ಟದೆ ಹೊಗೆಯಲ್ಲಿ ತೂಗಿಬಿಟ್ಟು, ಆಮೇಲೂ ಕಂಡುಹಿಡಿದರೆ ಮಾತ್ರ ಬಹುಮಾನ. ಈ ತಿಂಗಳ ಪರೀಕ್ಷೆಯೇ ನನ್ನ ದೃಷ್ಟಿಯಲ್ಲಿ ಮುಖ್ಯ. ಕಾಲೇಜಿನ ವೇದಿಕೆಯ ಮೇಲೆ ಹತ್ತು ನಿಮಿಷ ಕೆಲಸ ಮಾಡಿ, ಅಂಕ ಬಂದ ಮೇಲೆ ಕಪಾಟು ಸೇರಿದ ಯಂತ್ರಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ನೆರವು ಕೊಡುವ ಯೋಜನೆಯನ್ನು ದಶಕಗಳಿಂದ ನಡೆಸಿಕೊಂಡು ಬಂದಿದೆ. ಬಿಡಿಭಾಗಗಳ ಖರ್ಚಿಗೆ ಮಕ್ಕಳು ಅಲ್ಲಿ ಕಾಲೇಜಿನ ಮೂಲಕ ಅರ್ಜಿ ಹಾಕಿಕೊಳ್ಳಲಿ. ಸಂಘದ ಹೆಗಲಿಗೆ ಬರುವುದು ಕಟ್ಟಡ, ಗೋಣಿ, ಸಿಪ್ಪೆ ಮತ್ತು ಪಕ್ಕದಲ್ಲಿ ಮರಳಿನ ಬಕೆಟ್ ಹಿಡಿದು ನಿಲ್ಲುವ ಇಬ್ಬರು.

ಮಳೆಗಾಲದಲ್ಲಿ ಅಡಿಕೆ ಮನೆ ಖಾಲಿ ಇರುವ ಸದಸ್ಯರು, ಶ್ರಾವಣದಿಂದ ಎರಡು ತಿಂಗಳ ಮಟ್ಟಿಗೆ ಬಿಟ್ಟುಕೊಡಲು ಒಪ್ಪಿಗೆಯಿದ್ದರೆ ವಾರ್ಷಿಕ ಸಭೆಗೆ ಮುಂಚೆ ಕಛೇರಿಗೆ ತಿಳಿಸಬೇಕಾಗಿ ಕೋರಿಕೆ. ಮುಖ್ಯ ಮನೆಗೆ ತಾಗಿರದ, ಹಂಚಿನ ಮಾಡಿನ ಕಟ್ಟಡವಾದರೆ ಅನುಕೂಲ. ಮಂಡಳಿಯ ಇಬ್ಬರು ನಿರ್ದೇಶಕರಿಗೆ ಈ ಸಲಹೆ ಒಪ್ಪಿಗೆಯಾಗಿಲ್ಲ. ಅವರು ಬರೆದುಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.

— ಕಾರ್ಯದರ್ಶಿ